ಹಾಸನದಲ್ಲಿ ಸೊಂಟನೋವಿನ ಅಧ್ಯಯನ: ಅಮ್ಮನನ್ನು ಸೇರಿಸೋ ಮುಂಚೆ ಏನೇನು ವಿಚಾರಿಸಬೇಕು?

ಮೂಡಿಗೆರೆ_ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 54 ವರ್ಷ, ಮೂಡಿಗೆರೆ ಕಡೆ ಕಾಫಿ ಎಸ್ಟೇಟ್ ಕೆಲಸ. ಸೊಂಟನೋವು ಎಡಗಾಲಿಗೆ ಇಳಿಯುತ್ತೆ, ಪಾದದಲ್ಲಿ ಜೋಮು. ಕೆಲವು ವರ್ಷಗಳಿಂದ ಇದೆ. ಎಂಆರ್‌ಐ ಆಗಿದೆ, ಆಪರೇಷನ್ ಬೇಡ ಅಂದಿದ್ದಾರೆ. ಈಗ ರಾತ್ರಿ ನರನೋವಿನ ಮಾತ್ರೆ ಪ್ರಿಗಾಬಲಿನ್ 75, ನೋವು ಜೋರಾದ ದಿನ ಅಸೆಕ್ಲೊಫೆನಾಕ್ ಇರೋ ಮಾತ್ರೆ, ಜೊತೆಗೆ ಬಿಪಿ ಮಾತ್ರೆ ತಗೊಳ್ತಿದ್ದಾರೆ.

ಹಾಸನದ ಒಂದು ಆಸ್ಪತ್ರೆಯಲ್ಲಿ ದೀರ್ಘಕಾಲದ ಸೊಂಟನೋವಿಗೆ ಹೊಸ ಮಾತ್ರೆಯ ಅಧ್ಯಯನ ನಡೀತಿದೆಯಂತೆ. 12 ವಾರ, 6 ಸಲ ಹೋಗಬೇಕು. ಅರ್ಧ ಜನಕ್ಕೆ ಹೊಸ ಮಾತ್ರೆ, ಇನ್ನರ್ಧ ಜನಕ್ಕೆ ಡಮ್ಮಿ, ಅಂದರೆ ಔಷಧವೇ ಇಲ್ಲದ ಮಾತ್ರೆ. ಶುರುವಾಗೋ ಮುಂಚೆ ಈಗಿನ ನೋವಿನ ಮಾತ್ರೆ ನಿಲ್ಲಿಸಬೇಕು, ದಿನಾ ಡೈರಿ ಬರೀಬೇಕು ಅಂತಾರೆ. ಅಮ್ಮನಿಗೆ ಓದು ಬರಹ ಬರಲ್ಲ. ಸೇರಿಸೋ ಮುಂಚೆ ಯಾವ ಕಾಗದ ನೋಡಬೇಕು? ಮಾತ್ರೆ ನಿಲ್ಲಿಸೋದರಿಂದ ಅಪಾಯ ಇದೆಯಾ? ಡಮ್ಮಿ ಸಿಕ್ಕಿದರೆ ಮೂರು ತಿಂಗಳು ನೋವು ತಿನ್ನಬೇಕಾ? ಮಧ್ಯದಲ್ಲಿ ಬಿಟ್ಟರೆ ಅದೇ ಆಸ್ಪತ್ರೆಯಲ್ಲಿ ಮುಂದೆ ತೊಂದರೆ ಕೊಡ್ತಾರಾ? ಈ ಕೆಲಸ ಗೊತ್ತಿರೋರು ದಯವಿಟ್ಟು ಹೇಳಿ.

---

ಸಂಯೋಜಕಿ_ಹಾಸನ:

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ, ಮಾಮೂಲಿ ಚಿಕಿತ್ಸೆಗೆ ಅದರಿಂದ ಏನೂ ಆಗಕೂಡದು. ಈ ಸಾಲು ಒಪ್ಪಿಗೆ ಪತ್ರದಲ್ಲೇ ಇರಬೇಕು. ಬಿಡುವಾಗ ಒಂದು ಕೊನೆಯ ತಪಾಸಣೆಗೆ ಬನ್ನಿ ಅಂತ ಕೇಳ್ತಾರೆ, ಅದಕ್ಕೆ ಹೋಗಿ. ಮಾತ್ರೆಯನ್ನು ಹೇಗೆ ಇಳಿಸಬೇಕು ಅನ್ನೋದು ಅಲ್ಲಿ ತೀರ್ಮಾನ ಆಗುತ್ತೆ, ಅದು ಅಮ್ಮನ ಒಳ್ಳೆಯದಕ್ಕೇ.

ಇನ್ನು, ಅಧ್ಯಯನಕ್ಕೆ ಸೇರೋದು ಅಂದರೆ ಚಿಕಿತ್ಸೆಗೆ ಸೇರೋದು ಅಂತ ಮನೆಯಲ್ಲಿ ಯಾರೂ ತಿಳ್ಕೋಬಾರದು. ಮಾಮೂಲಿ ಒಪಿಡಿಯಲ್ಲಿ ಡಾಕ್ಟರು ರೋಗಿಯ ಸ್ಥಿತಿ ನೋಡಿ ಡೋಸ್ ಏರಿಸ್ತಾರೆ, ಇಳಿಸ್ತಾರೆ, ಮಾತ್ರೆ ಬದಲಾಯಿಸ್ತಾರೆ. ಅಧ್ಯಯನದಲ್ಲಿ ಇದನ್ನೆಲ್ಲ ಮೊದಲೇ ಬರೆದಿಟ್ಟ ಪ್ರೋಟೋಕಾಲ್ ತೀರ್ಮಾನಿಸುತ್ತೆ. ಯಾರಿಗೆ ಯಾವ ಮಾತ್ರೆ ಅನ್ನೋದನ್ನ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತೆ, ಡಾಕ್ಟರಿಗೂ ಗೊತ್ತಿರಲ್ಲ. "ಅಮ್ಮನಿಗೆ ಹೊಸ ಮಾತ್ರೇನೇ ಸಿಗೋ ಹಾಗೆ ಮಾಡ್ತೀವಿ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕಾಗದದ ವಿಚಾರ. ಮೊದಲು ಸಿಟಿಆರ್‌ಐ ಸಂಖ್ಯೆ ಕೇಳಿ. ಅದು ನಮ್ಮ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನೋಡಿಕೊಳ್ಳುತ್ತೆ, 2007ರಿಂದ ಇದೆ. 2009ರ ಜೂನ್‌ನಿಂದ ಔಷಧ ಪ್ರಯೋಗಗಳಿಗೆ ಕಡ್ಡಾಯ ಆಯ್ತು. 2018ರ ಏಪ್ರಿಲ್‌ನಿಂದ, ಮೊದಲನೇ ವ್ಯಕ್ತಿಯನ್ನು ಸೇರಿಸಿಕೊಳ್ಳೋ ಮುಂಚೆಯೇ ನೋಂದಣಿ ಆಗಿರಬೇಕು. ಸಂಖ್ಯೆಯಲ್ಲಿ ಸಿಟಿಆರ್‌ಐ ಅಂತಿದ್ದು, ಆಮೇಲೆ ವರ್ಷ, ತಿಂಗಳು, ಆರು ಅಂಕಿ ಇರುತ್ತೆ. ವೆಬ್‌ಸೈಟಿನಲ್ಲಿ ಹಾಕಿ ಹುಡುಕಿ, ಲಾಗಿನ್ ಏನೂ ಬೇಡ.

ಪುಟ ತೆರೆದ ಮೇಲೆ ಎಲ್ಲ ಓದೋಕೆ ಹೋಗಬೇಡಿ, ಉದ್ದ ಇರುತ್ತೆ. ಅಧ್ಯಯನ ನಡೆಯೋ ಜಾಗಗಳ ಪಟ್ಟಿಯಲ್ಲಿ ನಿಮಗೆ ಹೇಳಿದ ಹಾಸನದ ಆಸ್ಪತ್ರೆಯ ಹೆಸರು ಇದೆಯಾ ನೋಡಿ. ಅಲ್ಲಿನ ಎಥಿಕ್ಸ್ ಕಮಿಟಿಯ (ಸೇರೋರ ಹಿತ, ಸುರಕ್ಷತೆ ನೋಡೋ ಸಮಿತಿ) ಹೆಸರಿನ ಎದುರಿಗೆ ಅನುಮೋದನೆ ಸಿಕ್ಕಿದೆ ಅಂತ ಬರೆದಿರಬೇಕು. ಆಮೇಲೆ ಯಾರು ಸೇರಬಹುದು, ಯಾರು ಸೇರಬಾರದು ಅನ್ನೋ ಎರಡು ಪಟ್ಟಿ ಇರುತ್ತೆ, ಅದನ್ನು ಮಾತ್ರ ನಿಧಾನವಾಗಿ ಓದಿ. ನೋವಿನ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಹೊರಗಿಡೋ ಕಾರಣಗಳು ಇವು: ಇತ್ತೀಚೆಗೆ ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಆಗಿರೋದು, ಆಪರೇಷನ್‌ಗೆ ದಿನ ಗೊತ್ತಾಗಿರೋದು, ಕಿಡ್ನಿ ಲಿವರ್ ತೊಂದರೆ, ಹತೋಟಿಗೆ ಬರದ ಬಿಪಿ ಶುಗರ್, ನೋವಿನ ಸಂಬಂಧ ಪರಿಹಾರದ ಕೇಸು ನಡೀತಿರೋದು. ಇವನ್ನು ಮುಚ್ಚಿಟ್ಟು ಸೇರಿದರೆ ಸ್ಕ್ರೀನಿಂಗ್ (ಸೇರಿಸಿಕೊಳ್ಳೋ ಮುಂಚಿನ ತಪಾಸಣೆ) ರಕ್ತಪರೀಕ್ಷೆಯಲ್ಲೇ ಕೆಲವು ಸಿಕ್ಕಿಬೀಳುತ್ತೆ. ಸಿಕ್ಕಿಬೀಳದೇ ಇದ್ದರೆ ಅಪಾಯ ಅಮ್ಮನಿಗೇ.

ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಬೇಕು. ಪ್ರತಿ ಪುಟದ ಕೆಳಗೆ ಆವೃತ್ತಿ ಸಂಖ್ಯೆ, ದಿನಾಂಕ ಇರುತ್ತೆ, ಕಮಿಟಿ ಒಪ್ಪಿದ್ದು ಅದೇ ಆವೃತ್ತಿಯನ್ನಾ ಅಂತ ಕೇಳಿ. ಅದನ್ನು ಮನೆಗೆ ತಂದು ಓದೋಕೆ ಸಮಯ ಕೊಡಲೇಬೇಕು. "ಈಗಲೇ ಸಹಿ ಹಾಕಿ, ಸೀಟು ತುಂಬ್ತಿದೆ" ಅನ್ನೋ ಅವಸರ ಸರಿಯಲ್ಲ. ಸಹಿ ಆದ ಮೇಲೆ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಅದರಲ್ಲಿ ಮುಖ್ಯ ಸಂಶೋಧಕರ ಫೋನ್, ಎಥಿಕ್ಸ್ ಕಮಿಟಿಯ ಫೋನ್ ಎರಡೂ ಇರಬೇಕು. ಕಮಿಟಿಯ ನಂಬರ್ ಯಾಕೆ ಅಂದರೆ, ಸಂಶೋಧಕರ ಮೇಲೆಯೇ ದೂರು ಇದ್ದಾಗ ಅವರನ್ನೇ ಕೇಳೋಕಾಗಲ್ಲ.

ಔಷಧ ಪ್ರಯೋಗಗಳಿಗೆ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಅನ್ವಯ. ಅದರ ಪ್ರಕಾರ ಅಧ್ಯಯನದ ವೇಳೆ ದೇಹಕ್ಕೆ ತೊಂದರೆ ಆದರೆ, ಬೇಕಾದಷ್ಟು ದಿನ, ಅಥವಾ ಆ ತೊಂದರೆಗೂ ಅಧ್ಯಯನಕ್ಕೂ ಸಂಬಂಧ ಇಲ್ಲ ಅಂತ ಖಚಿತ ಆಗೋವರೆಗೆ, ಉಚಿತ ಚಿಕಿತ್ಸೆ ಕೊಡಬೇಕು. ಸಂಬಂಧ ಇದೆ ಅಂತ ತೀರ್ಮಾನ ಆದರೆ ಪರಿಹಾರದ ಹಣವೂ ಇದೆ. ಹಾಗಾಗಿ ಅಮ್ಮ ಯಾವ ಕಾರಣಕ್ಕೆ ಆಸ್ಪತ್ರೆಗೆ ಅಡ್ಮಿಟ್ ಆದರೂ, ತೋಟದಲ್ಲಿ ಜಾರಿ ಬಿದ್ದಿದ್ದಕ್ಕೇ ಆದರೂ, ಅವತ್ತೇ ಫೋನ್ ಮಾಡಿ. ಸಂಶೋಧಕರು 24 ಗಂಟೆಯೊಳಗೆ ವರದಿ ಮಾಡಬೇಕಾಗಿರುತ್ತೆ. ಸಂಬಂಧ ಇದೆಯೋ ಇಲ್ಲವೋ ಅಂತ ಲೆಕ್ಕ ಹಾಕೋದು ನಿಮ್ಮ ಕೆಲಸ ಅಲ್ಲ.

ಡಮ್ಮಿ ಬಗ್ಗೆ. ಇದಕ್ಕೆ ಎರಡು ವಿಧಾನ ಇದೆ. ಒಂದರಲ್ಲಿ ಈಗಿನ ಚಿಕಿತ್ಸೆ ಹಾಗೇ ಮುಂದುವರಿದು, ಅದರ ಮೇಲೆ ಹೊಸ ಮಾತ್ರೆ ಅಥವಾ ಡಮ್ಮಿ ಸೇರುತ್ತೆ. ಇನ್ನೊಂದರಲ್ಲಿ ಇರೋದನ್ನು ನಿಲ್ಲಿಸಿ, ಅದರ ಜಾಗಕ್ಕೆ ಕೊಡ್ತಾರೆ. ನೀವು ಹೇಳಿದ್ದು ಎರಡನೇದು, ಕಷ್ಟ ಜಾಸ್ತಿ ಇರೋದು. ಇಲ್ಲಿ ನೋವು ತಡೆಯೋಕಾಗದಾಗ ತಗೊಳ್ಳೋಕೆ ಪ್ರತ್ಯೇಕ ಮಾತ್ರೆ ಕೊಡ್ತಾರೆ, ಹೆಚ್ಚಾಗಿ ಪ್ಯಾರಾಸಿಟಮಾಲ್. ದಿನಕ್ಕೆ ಎಷ್ಟು, ಅದೂ ಸಾಲದೇ ಇದ್ದರೆ ಏನು ಮಾಡ್ತೀರಿ, ಯಾವ ಹಂತದಲ್ಲಿ ಅಮ್ಮನನ್ನು ಹೊರಗೆ ತಂದು ಮಾಮೂಲಿ ಚಿಕಿತ್ಸೆ ಶುರು ಮಾಡ್ತೀರಿ: ಈ ಮೂರಕ್ಕೂ ಬಾಯಿಮಾತಲ್ಲಿ ಅಲ್ಲ, ಬರಹದಲ್ಲಿ ಉತ್ತರ ಇರಬೇಕು. ಇಲ್ಲದಿದ್ದರೆ ನನ್ನ ಅಭಿಪ್ರಾಯದಲ್ಲಿ ಸೇರಿಸಬೇಡಿ.

---

ಔಷಧಿ_ಬೇಲೂರು:

ಸಂಯೋಜಕಿ ಮೇಡಂ ಹೇಳಿದ್ದರ ಮೇಲೆ ಮಾತ್ರೆ ವಿಚಾರ ಮಾತ್ರ ಹೇಳ್ತೀನಿ.

ಪ್ರಿಗಾಬಲಿನ್ ಅನ್ನು ನೀವಾಗಿ ನಿಲ್ಲಿಸಬೇಡಿ. ಅದು ರಕ್ತದಿಂದ ಬೇಗ ಹೋಗುತ್ತೆ, ಸುಮಾರು 6 ಗಂಟೆಗೆ ಅರ್ಧ ಆಗುತ್ತೆ. ಆ ಲೆಕ್ಕದಲ್ಲಿ ಒಂದೂವರೆ ದಿನಕ್ಕೆ ದೇಹ ಖಾಲಿ. ಇದನ್ನು ನೋಡಿ "ಎರಡು ದಿನ ಬಿಟ್ಟರೆ ಸಾಕು" ಅಂದುಕೊಳ್ಳೋದೇ ತಪ್ಪು. ದೇಹದಿಂದ ಔಷಧ ಹೋಗೋದು ಬೇರೆ, ಅದಕ್ಕೆ ಒಗ್ಗಿಕೊಂಡ ನರಗಳು ಹದಕ್ಕೆ ಬರೋದು ಬೇರೆ. ತಟ್ಟನೆ ನಿಲ್ಲಿಸಿದರೆ ನಿದ್ದೆ ಬರದೇ ಇರೋದು, ವಾಕರಿಕೆ, ತಲೆನೋವು, ಬೆವರು, ಭೇದಿ, ಗಾಬರಿ ಆಗಬಹುದು. ಫಿಟ್ಸ್ ಇರೋರಿಗೆ ಫಿಟ್ಸ್ ಮರುಕಳಿಸಬಹುದು. ಕನಿಷ್ಠ ಒಂದು ವಾರ ತಗೊಂಡು ಇಳಿಸಬೇಕು ಅಂತ ಔಷಧದ ಮಾಹಿತಿ ಪತ್ರದಲ್ಲೇ ಇದೆ. 75ರಿಂದ ಯಾವ ಡೋಸಿಗೆ, ಎಷ್ಟು ದಿನ ಅಂತ ಅಧ್ಯಯನದ ಡಾಕ್ಟರೇ ಬರೆದುಕೊಡಲಿ. ಕ್ಯಾಪ್ಸೂಲ್ ಬಿಚ್ಚಿ ಪುಡಿ ಅರ್ಧ ಮಾಡೋದು ಬೇಡ.

ಸ್ಟ್ರಿಪ್ಪಿನ ಹಿಂದುಗಡೆ ಓದಿ. ಪ್ರಿಗಾಬಲಿನ್ ಒಂದೇ ಇದೆಯಾ, ಅಥವಾ ಜೊತೆಗೆ ನಾರ್ಟ್ರಿಪ್ಟಿಲಿನ್ 10 ಇದೆಯಾ ನೋಡಿ. ನಮ್ಮಲ್ಲಿ ಎರಡೂ ಸೇರಿದ ಮಾತ್ರೆ ಬಹಳ ಓಡುತ್ತೆ. ಸೇರಿದ್ದರೆ ಹಳೇ ಮಾತ್ರೆ ನಿಲ್ಲಿಸಿದ ಮೇಲೆ ಅಧ್ಯಯನದ ಮಾತ್ರೆ ಶುರುವಾಗೋವರೆಗೆ ಕಾಯೋ ಅವಧಿ ಬದಲಾಗುತ್ತೆ, ಯಾಕಂದರೆ ನಾರ್ಟ್ರಿಪ್ಟಿಲಿನ್ ದೇಹದಿಂದ ಹೋಗೋದು ನಿಧಾನ. ಬರೀ ಮೀಥೈಲ್‌ಕೋಬಾಲಮಿನ್ ಇದ್ದರೆ ಅದು ವಿಟಮಿನ್ನು, ಆದರೂ ಹೇಳಬೇಕು. ಸುಲಭದ ದಾರಿ ಅಂದರೆ, ಮನೆಯಲ್ಲಿರೋ ಎಲ್ಲ ಸ್ಟ್ರಿಪ್ಪು, ಎಣ್ಣೆ, ಮುಲಾಮು ಒಂದು ಚೀಲಕ್ಕೆ ಹಾಕಿ ಮೊದಲ ಭೇಟಿಗೇ ತಗೊಂಡು ಹೋಗೋದು. ಹೆಸರು ನೆನಪಿಟ್ಟು ಹೇಳೋದಕ್ಕಿಂತ ಇದು ವಾಸಿ. ಬಿಪಿ ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ, ನಿಲ್ಲಿಸಿ ಅಂದಿರೋದು ನೋವಿನ ಮಾತ್ರೆ ಅಷ್ಟೇ. ಇದನ್ನು ತಪ್ಪಾಗಿ ತಿಳ್ಕೊಂಡು ಎಲ್ಲ ಮಾತ್ರೇನೂ ನಿಲ್ಲಿಸಿ ಬರೋರು ಇದ್ದಾರೆ.

ಈಗ ಪ್ಯಾರಾಸಿಟಮಾಲ್ ಲೆಕ್ಕ. ಇದರಲ್ಲಿ ಎಡವೋದು ಸುಲಭ. ಅಸೆಕ್ಲೊಫೆನಾಕ್ 100 ಅಂತ ಕೊಡೋ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ 325 ಸೇರಿರುತ್ತೆ. ನೆಗಡಿ ಮಾತ್ರೆಯಲ್ಲೂ 325 ಅಥವಾ 500 ಇರುತ್ತೆ. ಅಧ್ಯಯನದವರು ಕೊಟ್ಟ 650 ಅನ್ನು ದಿನಕ್ಕೆ ನಾಲ್ಕು ತಗೊಂಡರೆ 2600 ಮಿಲಿಗ್ರಾಂ. ಅದರ ಜೊತೆ ಮನೆಯಲ್ಲಿ ಉಳಿದ ಅಸೆಕ್ಲೊಫೆನಾಕ್ ಎರಡು ಅಂದರೆ ಇನ್ನೂ 650. ಮಳೆಗಾಲದ ನೆಗಡಿಗೆ 500ರ ಮಾತ್ರೆ ಮೂರು ಹೊತ್ತು ಅಂದರೆ 1500. ಒಟ್ಟು 4750. ದಿನಕ್ಕೆ 4000 ದಾಟಲೇಬಾರದು, ಅಧ್ಯಯನದ ಮಿತಿ ಅದಕ್ಕಿಂತ ಕಡಿಮೆಯೇ ಇರುತ್ತೆ. ತೆಳ್ಳಗಿರೋರಿಗೆ, ದಿನಾ ಕುಡಿಯೋರಿಗೆ, ಲಿವರ್ ತೊಂದರೆ ಇರೋರಿಗೆ ಇನ್ನೂ ಕಡಿಮೆ ಸಾಕು. ಅದಕ್ಕೇ ಅಧ್ಯಯನ ಶುರುವಾದ ದಿನ ಹಳೇ ನೋವಿನ ಮಾತ್ರೆ ಎಲ್ಲವನ್ನೂ ಅಮ್ಮನ ಕೈಗೆ ಸಿಗದ ಕಡೆ ಎತ್ತಿಡಿ.

ಇನ್ನೊಂದು ಗಂಭೀರ ವಿಷಯ. ಸಂತೆಯಲ್ಲಿ, ಊರ ಮೇಲೆ ಬರೋರ ಹತ್ತಿರ, ಹೆಸರಿಲ್ಲದ ಪೊಟ್ಟಣದಲ್ಲಿ ಸಿಗೋ "ಮಂಡಿ ಸೊಂಟದ ಪುಡಿ" ಏನಾದರೂ ಅಮ್ಮ ತಗೊಳ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಬೆರೆಸಿರೋದು ಪರೀಕ್ಷೆಗಳಲ್ಲಿ ಸಿಕ್ಕಿದೆ. ತಿಂಗಳುಗಟ್ಟಲೆ ತಗೊಂಡು ತಟ್ಟನೆ ಬಿಟ್ಟರೆ ಸುಸ್ತು, ವಾಂತಿ, ಬಿಪಿ ಕುಸಿತ ಆಗಿ ಜೀವಕ್ಕೇ ಅಪಾಯ ಬರಬಹುದು. "ಬೈತಾರೆ" ಅಂತ ಹೆದರಿ ಮುಚ್ಚಿಡೋದು ಬೇಡ. ಲೇಬಲ್ ಇರೋ ಆಯುರ್ವೇದದ ತೈಲ, ಕಷಾಯ ಆದರೂ ಹೆಸರು ಹೇಳಿ, ಮುಂದುವರಿಸಬಹುದಾ ಕೇಳಿ. ಕೆಲವು ಅಧ್ಯಯನದಲ್ಲಿ ಹಚ್ಚೋ ಎಣ್ಣೆಗೂ ನಿಷೇಧ ಇರುತ್ತೆ.

ಮಾತ್ರೆ ಡಬ್ಬಿಯನ್ನು ಒಲೆ ಮೇಲಿನ ಅಟ್ಟದಲ್ಲಿ ಇಡಬೇಡಿ, ಶೀಟಿನ ಮಾಡಿನ ಕೆಳಗೂ ಬೇಡ. ಲೈನ್ ಮನೆಗಳಲ್ಲಿ ಮಳೆಗಾಲದ ಥಂಡಿ ಸೇರಿದರೆ ಮಾತ್ರೆ ಮೆತ್ತಗಾಗುತ್ತೆ. ಒಳಗಿರೋ ಸಣ್ಣ ಸಿಲಿಕಾ ಪೊಟ್ಟಣ ಬಿಸಾಕಬೇಡಿ. ಖಾಲಿ ಡಬ್ಬಿ, ಉಳಿದ ಮಾತ್ರೆ ಎರಡನ್ನೂ ಮುಂದಿನ ಭೇಟಿಗೆ ತಗೊಂಡು ಹೋಗಬೇಕು, ಅವರು ಎಣಿಸ್ತಾರೆ. 28 ದಿನಕ್ಕೆ ದಿನಾ ಎರಡು ಅಂದರೆ 56. ಡಬ್ಬಿಯಲ್ಲಿ 64 ಕೊಟ್ಟಿದ್ದರೆ 8 ಉಳೀಬೇಕು. 15 ಉಳಿದಿದ್ದರೆ ತಗೊಂಡಿದ್ದು 49. ತಪ್ಪಿದ್ದು ತಪ್ಪಿದೆ ಅಂತ ಹೇಳಿದರೆ ಆಯ್ತು, ಅದಕ್ಕೆ ಯಾರೂ ಹೊರಗೆ ಹಾಕಲ್ಲ. ಎಣಿಕೆ ಸರಿಹೋಗಲಿ ಅಂತ ಉಳಿದಿದ್ದನ್ನ ಎಸೆದರೆ, ಔಷಧ ಕಡಿಮೆ ತಗೊಂಡು ನೋವು ಇಳಿಯಲಿಲ್ಲವೋ, ಔಷಧವೇ ಕೆಲಸ ಮಾಡಲಿಲ್ಲವೋ ಅಂತ ಗೊತ್ತಾಗೋದೇ ಇಲ್ಲ.

---

ಸಾಕ್ಷಿ_ಸಹಿ:

ಹೆಬ್ಬೆಟ್ಟಿನ ಬಗ್ಗೆ ಯಾರೂ ಹೇಳಲಿಲ್ಲ. ಎಥಿಕ್ಸ್ ಕಮಿಟಿಗಳಲ್ಲಿ ಡಾಕ್ಟರಲ್ಲದ ಸಾಮಾನ್ಯ ಸದಸ್ಯರೊಬ್ಬರು ಇರಲೇಬೇಕು ಅನ್ನೋ ನಿಯಮ ಇರೋದು ಇಂಥದ್ದನ್ನ ಕೇಳೋದಕ್ಕೇ.

ಓದು ಬರದವರು ಸೇರುವಾಗ ಪೂರ್ತಿ ವಿವರಣೆ ಮುಗಿಯೋವರೆಗೆ ಅಧ್ಯಯನಕ್ಕೆ ಸಂಬಂಧಪಡದ ಒಬ್ಬ ಸಾಕ್ಷಿ ಪಕ್ಕದಲ್ಲಿ ಕೂತಿರಬೇಕು, ಕೊನೆಯಲ್ಲಿ ಅವರೂ ಸಹಿ ಮಾಡಿ ದಿನಾಂಕ ಹಾಕಬೇಕು. ಕೊನೇ ಪುಟಕ್ಕೆ ಮಾತ್ರ ಕರೆಸಿ ಸಹಿ ಹಾಕಿಸೋದು ನಡೆಯಲ್ಲ. ಅದೇ ವಿಭಾಗದ ನರ್ಸು, ಅಧ್ಯಯನದ ಸಿಬ್ಬಂದಿ ಸಾಕ್ಷಿ ಆಗೋ ಹಾಗಿಲ್ಲ. ಎಸ್ಟೇಟಿನ ರೈಟರ್, ಮೇಸ್ತ್ರಿಯೂ ಬೇಡ ಅಂತೀನಿ. ಕಾನೂನಲ್ಲಿ ಅಡ್ಡಿ ಇದೆಯೋ ಇಲ್ಲವೋ ಆಮೇಲಿನ ಮಾತು, ಕೆಲಸ ಕೊಡೋರ ಮುಂದೆ ಅಮ್ಮ "ನಂಗೆ ಬೇಡ" ಅನ್ನೋದು ಕಷ್ಟ. ಅಕ್ಕಪಕ್ಕದ ಓದು ಬರೋ ಹೆಣ್ಣುಮಗಳು, ಸ್ಕೂಲ್ ಮೇಷ್ಟ್ರು ಆದರೆ ಒಳ್ಳೇದು.

ಹೊಸ ರಾಸಾಯನಿಕ ಔಷಧದ ಪ್ರಯೋಗ ಆಗಿದ್ದು, ಸೇರೋರು ದುರ್ಬಲ ವರ್ಗಕ್ಕೆ ಸೇರಿದ್ದರೆ ಒಪ್ಪಿಗೆ ಪ್ರಕ್ರಿಯೆಯನ್ನು ವಿಡಿಯೊ ಮಾಡಬೇಕು. ಕ್ಯಾಮೆರಾ ನೋಡಿ ಅಮ್ಮ ಗಾಬರಿ ಆಗದೇ ಇರಲಿ, ಮೊದಲೇ ಹೇಳಿಡಿ. ಅದರಲ್ಲಿ ಅವರು ಅರ್ಥ ಆಗಿದ್ದನ್ನ ತಮ್ಮ ಮಾತಲ್ಲೇ ಹೇಳಬೇಕಾಗುತ್ತೆ. ಸುಮ್ಮನೆ ತಲೆ ಆಡಿಸಿದರೆ ಸಾಲದು.

ದುಡ್ಡಿನ ಬಗ್ಗೆಯೂ ಕೇಳಿ. ಅಧ್ಯಯನದ ಮಾತ್ರೆಗೆ, ಅಧ್ಯಯನಕ್ಕೋಸ್ಕರ ಮಾಡೋ ರಕ್ತಪರೀಕ್ಷೆಗೆ ನಿಮ್ಮಿಂದ ಹಣ ತಗೊಳ್ಳಬಾರದು. ಓಡಾಟದ ಖರ್ಚು, ಕಮಿಟಿ ಒಪ್ಪಿದ್ದರೆ ತಪ್ಪಿದ ಕೂಲಿಯೂ ಕೊಡೋಕೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಅವಕಾಶ ಇದೆ. ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಹಾಗಂತ ಖರ್ಚೇ ಇಲ್ಲ ಅಂತ ಬರೆಸಬೇಡಿ. ಜೊತೆಗೆ ಬರೋ ನಿಮ್ಮ ಟಿಕೆಟ್ಟು, ಆಟೊ, ಊಟ, ಹೋದ ದಿನಗೂಲಿ ಎಲ್ಲ ಖರ್ಚೇ. ಭೇಟಿಗೆ ಇಷ್ಟು ಅಂತ ನಿಗದಿ ಮಾಡಿದ್ದಾರಾ, ಬಿಲ್ ತೋರಿಸಬೇಕಾ, ಮಧ್ಯದಲ್ಲಿ ಬಿಟ್ಟರೆ ಅಲ್ಲಿವರೆಗಿನದ್ದು ಸಿಗುತ್ತಾ ಅಂತ ಕೇಳಿ ಬರೆದುಕೊಳ್ಳಿ.

---

ಮೂಡಿಗೆರೆ_ಹುಡುಗ:

ಎಲ್ಲರಿಗೂ ತುಂಬಾ ಧನ್ಯವಾದ. ಸ್ಟ್ರಿಪ್ ನೋಡಿದೆ, ಪ್ರಿಗಾಬಲಿನ್ ಜೊತೆ ಮೀಥೈಲ್‌ಕೋಬಾಲಮಿನ್ ಮಾತ್ರ ಇದೆ.

ಡೈರಿ ಬಗ್ಗೆ ಹೇಳಿ. 0ಯಿಂದ 10ರವರೆಗೆ ಅಂಕಿ ಕೊಡಬೇಕಂತೆ. ಅಮ್ಮನ ಕೇಳಿದರೆ "ತುಂಬಾ ನೋವು" ಅಂತಾರೆ, ಅಂಕಿ ಬರಲ್ಲ. ಮೊಬೈಲ್ ಆ್ಯಪ್ ಇದೆ, ಬೇಡ ಅಂದರೆ ಪುಸ್ತಕನೂ ಕೊಡ್ತಾರಂತೆ. ನಮ್ಮ ಕಡೆ ನೆಟ್‌ವರ್ಕ್ ಇಲ್ಲ. ಮತ್ತೆ, 4ಕ್ಕಿಂತ ಕಡಿಮೆ ಹೇಳಿದರೆ ತಗೊಳ್ಳಲ್ಲ, ಜಾಸ್ತಿ ಹೇಳಿ ಅಂತ ಒಬ್ಬರು ಸಲಹೆ ಕೊಟ್ಟರು. ಹಾಗೆ ಮಾಡಬಹುದಾ?

---

ಫಿಸಿಯೊ_ಚಿಕ್ಕಮಗಳೂರು:

ಜಾಸ್ತಿ ಹೇಳಿಸಬೇಡಿ. ಯಾಕೆ ಅಂತ ವಿವರವಾಗಿ ಹೇಳ್ತೀನಿ, ಇದು ಇಡೀ ಅಧ್ಯಯನದ ಜೀವ.

ನೋವಿಗೆ ರಕ್ತಪರೀಕ್ಷೆ ಇಲ್ಲ. ಎಂಆರ್‌ಐ ನೋಡಿ ನೋವು ಎಷ್ಟು ಅಂತ ಹೇಳೋಕಾಗಲ್ಲ. ಅಮ್ಮನ ಬಾಯಿಂದ ಬರೋ ಅಂಕಿಯೇ ಅಳತೆ. ಸಾಮಾನ್ಯವಾಗಿ ಮೊದಲ 7 ದಿನ ಔಷಧ ಕೊಡದೆ ಡೈರಿ ಮಾತ್ರ ಬರೆಸ್ತಾರೆ, ಅದರ ಸರಾಸರಿ 4 ಅಥವಾ ಹೆಚ್ಚಿದ್ದರೆ ಸೇರಿಸಿಕೊಳ್ತಾರೆ. ನಿಜವಾಗಿ 3 ಇರೋರು ಸೇರೋಕೋಸ್ಕರ 6 ಅಂತಾರೆ ಅಂದುಕೊಳ್ಳಿ. ಸೇರಿದ ಮೇಲೆ ಸುಳ್ಳು ಹೇಳೋ ಅಗತ್ಯ ಇರಲ್ಲ, ನಿಜದ 3 ಬರೆಸ್ತಾರೆ. ಕಾಗದದ ಮೇಲೆ ನೋವು ಅರ್ಧ ಆಯ್ತು! ಅವರಿಗೆ ಸಿಕ್ಕಿದ್ದು ಡಮ್ಮಿ ಆಗಿದ್ದರೆ ಡಮ್ಮಿಯೇ ಅದ್ಭುತ ಔಷಧದ ಹಾಗೆ ಕಾಣುತ್ತೆ. ಹೀಗೆ ಹತ್ತಾರು ಜನ ಮಾಡಿದರೆ ಎರಡೂ ಗುಂಪು ಒಂದೇ ಸಮ ಆಗಿ, ನಿಜವಾಗಿ ಕೆಲಸ ಮಾಡೋ ಔಷಧವೂ "ಉಪಯೋಗ ಇಲ್ಲ" ಅಂತ ಬಿದ್ದು ಹೋಗುತ್ತೆ. ಸೊಂಟನೋವಿನವರಿಗೆ ಒಳ್ಳೆ ಮಾತ್ರೆ ಇರೋದೇ ಕಡಿಮೆ, ಒಂದನ್ನು ಹೀಗೆ ಕಳಕೊಳ್ಳೋದು ದೊಡ್ಡ ನಷ್ಟ. ಅಮ್ಮನಿಗೆ 3 ಇದ್ದರೆ 3 ಅಂತಲೇ ಹೇಳಲಿ. ಸೇರಿಸಿಕೊಳ್ಳದಿದ್ದರೆ ಅವರಿಗೆ ಪ್ರಿಗಾಬಲಿನ್ ನಿಲ್ಲಿಸೋ ತೊಂದರೆಯೂ ತಪ್ಪುತ್ತೆ.

ಅಂಕಿ ಕಲಿಸೋ ಕ್ರಮ ಹೀಗೆ. ಒಂದು ಉದ್ದ ಕಾಗದದಲ್ಲಿ 11 ಚೌಕ ಬರೆದು 0ಯಿಂದ 10 ಹಾಕಿ. 0 ಅಂದರೆ ನೋವೇ ಇಲ್ಲ, 10 ಅಂದರೆ ಊಹಿಸೋಕಾಗೋ ಅತೀ ಕೆಟ್ಟ ನೋವು. ಮೊದಲೇ ಸೊಂಟದ ಬಗ್ಗೆ ಕೇಳಬೇಡಿ. ಸೊಳ್ಳೆ ಕಚ್ಚಿದ್ದು ಎಲ್ಲಿ, ಬಾಗಿಲಿಗೆ ಬೆರಳು ಸಿಕ್ಕಿದ್ದು ಎಲ್ಲಿ, ಹೆರಿಗೆ ನೋವು ಎಲ್ಲಿ ಅಂತ ಬೆರಳಿಟ್ಟು ತೋರಿಸಲಿ. ಸಣ್ಣದು ಎಡಕ್ಕೆ, ದೊಡ್ಡದು ಬಲಕ್ಕೆ ಅಂತ ಕೈ ಓಡಿದರೆ ಅರ್ಥ ಆಗಿದೆ ಅಂತ ಲೆಕ್ಕ. ಆಮೇಲೆ "ನಿನ್ನೆ ಈ ಹೊತ್ತಿಂದ ಈಗಿನವರೆಗೆ ಒಟ್ಟಾರೆ ಸೊಂಟನೋವು ಎಲ್ಲಿ?" ಅಂತ ಕೇಳಿ. ಇದು ಆಗಲೇ ಇಲ್ಲ ಅಂದರೆ ಆರು ಮುಖಗಳ ಚಿತ್ರಮಾಪಕ ಇದೆ, 0, 2, 4, 6, 8, 10 ಅಂತ ಅಂಕ. ಆದರೆ ಯಾವುದನ್ನು ಉಪಯೋಗಿಸಬೇಕು ಅನ್ನೋದು ಅಧ್ಯಯನದವರ ತೀರ್ಮಾನ, ಮೊದಲ ದಿನ ಯಾವುದೋ ಕೊನೆ ದಿನವೂ ಅದೇ ಇರಬೇಕು.

ಕೇಳೋ ಪ್ರಶ್ನೆ ದಿನಾ ಒಂದೇ ಇರಲಿ. ಕಳೆದ 24 ಗಂಟೆಯ ಸರಾಸರಿ ನೋವು, ಅತಿ ಹೆಚ್ಚಿನ ನೋವು, ಈಗಿನ ನೋವು ಮೂರೂ ಬೇರೆ ಬೇರೆ. ಇವತ್ತು ಸರಾಸರಿ, ನಾಳೆ ಅತಿ ಹೆಚ್ಚು ಕೇಳಿದರೆ ನೋವು ಬದಲಾಗದೆಯೇ ಅಂಕಿ ಎರಡು ಮೂರು ಏರಿಳಿಯುತ್ತೆ. ಸುಮಾರು 2 ಅಂಕ, ಇಲ್ಲವೇ 30 ಶೇಕಡಾ ಇಳಿದರೆ ರೋಗಿಗೆ ನಿಜವಾಗಿ ಗುಣ ಅನ್ನಿಸುತ್ತೆ ಅಂತ ನೋವಿನ ಸಂಶೋಧನೆಯಲ್ಲಿ ಲೆಕ್ಕ ಇಟ್ಟುಕೊಂಡಿದ್ದಾರೆ. ಅಂದರೆ ಪ್ರಶ್ನೆ ತಪ್ಪಾಗಿ ಕೇಳಿದ್ದರಿಂದ ಆಗೋ ಏರುಪೇರು ಇಡೀ ಔಷಧದ ಗುಣದಷ್ಟೇ ದೊಡ್ಡದು.

ಹೊತ್ತು ಒಂದೇ ಇರಲಿ, ರಾತ್ರಿ ಊಟ ಆದ ಮೇಲೆ ಅಂದರೆ ಅದೇ. ನಿನ್ನೆಯ ಪುಟ ತಿರುಗಿಸಿ ನೋಡಬೇಡಿ. "ನಿನ್ನೆ 6 ಅಂದಿದ್ದೆ, ಇವತ್ತು ಕೆಲಸ ಮಾಡಿದೀಯ, 5 ಇರಬೇಕಲ್ಲ" ಅಂತ ನೀವು ಹೇಳಿಕೊಡಬೇಡಿ. ಬೆರಳು ಎಲ್ಲಿಟ್ಟರೋ ಅದನ್ನೇ ಬರೆಯಿರಿ, ಬರೆದವರು ಯಾರು ಅಂತಲೂ ಬರೆಯಿರಿ. ಒಂದು ದಿನ ತಪ್ಪಿದರೆ ಖಾಲಿ ಬಿಡಿ. ಖಾಲಿ ಜಾಗವನ್ನು ಅಂಕಿಅಂಶದವರು ನಿಭಾಯಿಸ್ತಾರೆ, ಊಹಿಸಿ ತುಂಬಿದ್ದನ್ನು ಪತ್ತೆ ಹಚ್ಚೋಕಾಗಲ್ಲ.

ಕಾಗದದ ಡೈರಿಯ ದೊಡ್ಡ ಸಮಸ್ಯೆ ಅದೇ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ, ದೀರ್ಘಕಾಲದ ನೋವಿನವರಿಗೆ ಕೊಟ್ಟ ಡೈರಿ ಫೈಲಿನೊಳಗೆ, ತೆರೆದಾಗಲೆಲ್ಲ ಬೆಳಕಿನಿಂದ ಸಮಯ ದಾಖಲಾಗೋ ಹಾಗೆ ಸೆನ್ಸರ್ ಇಟ್ಟಿದ್ದರು. ಹೊತ್ತಿಗೆ ಸರಿಯಾಗಿ ಬರೆದಿದ್ದೀವಿ ಅಂತ ಜನ ಕೊಟ್ಟ ಲೆಕ್ಕ 90 ಶೇಕಡಾ. ನಿಜವಾಗಿ ಹೊತ್ತಿಗೆ ಬರೆದಿದ್ದು 11 ಶೇಕಡಾ. ಎಲೆಕ್ಟ್ರಾನಿಕ್ ಡೈರಿ ಕೊಟ್ಟ ಗುಂಪಿನಲ್ಲಿ 94. ಆಸ್ಪತ್ರೆಗೆ ಹೋಗೋ ಬಸ್ಸಲ್ಲಿ ಕೂತು ಎರಡು ವಾರದ ಪುಟ ಒಟ್ಟಿಗೆ ತುಂಬಿದರೆ ಕೊನೆಯ ಒಂದೆರಡು ದಿನದ ನೋವೇ ಎಲ್ಲ ಪುಟಕ್ಕೂ ಹರಡಿಕೊಳ್ಳುತ್ತೆ.

ಹಾಗಾಗಿ ಆ್ಯಪ್ ಇದ್ದರೆ ಆ್ಯಪೇ ಒಳ್ಳೇದು. ನೆಟ್‌ವರ್ಕ್ ಇಲ್ಲದಿದ್ದರೂ ಬರೆದಿದ್ದನ್ನ ಉಳಿಸಿಕೊಂಡು ಆಮೇಲೆ ಕಳಿಸುತ್ತಾ ಅಂತ ಮೊದಲ ಭೇಟಿಯಲ್ಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಅವರ ಮುಂದೆಯೇ ಒಂದು ನಮೂದು ಮಾಡಿ ನೋಡಿ. ಫೋನಿನ ದಿನಾಂಕ, ಸಮಯ ಆಟೊಮ್ಯಾಟಿಕ್ ಇರಲಿ. ಜಾಗ ಸಾಲದು ಅಂತ ಆ್ಯಪ್ ಡೇಟಾ ಅಳಿಸಿದರೆ ಕಳಿಸದೇ ಉಳಿದ ದಿನಗಳೆಲ್ಲ ಹೋಗುತ್ತೆ. ವಾರಕ್ಕೊಮ್ಮೆ ಮೂಡಿಗೆರೆ ಪೇಟೆಗೆ ಹೋದಾಗ ಆ್ಯಪ್ ತೆರೆದು ಕಳಿಸಿದರೆ ಸಾಕು. ಮಳೆಗಾಲದಲ್ಲಿ ಕರೆಂಟು ಎರಡು ಮೂರು ದಿನ ಇರಲ್ಲ, ಪವರ್ ಬ್ಯಾಂಕ್ ಒಂದು ಇರಲಿ. ಅದೂ ಆಗಲ್ಲ ಅಂದರೆ ಪುಸ್ತಕ ತಗೊಳ್ಳಿ, ಆದರೆ ಆ ರಾತ್ರಿಯದು ಆ ರಾತ್ರಿಯೇ.

ನೋವಿನ ಮಾತ್ರೆ ತಗೊಂಡ ಹೊತ್ತು, ಎಷ್ಟು ಅನ್ನೋದನ್ನೂ ಬರೆಯಿರಿ. ಅಂಕಿ 4 ಇದ್ದು ಪ್ಯಾರಾಸಿಟಮಾಲ್ ನಾಲ್ಕು ನುಂಗಿದ ದಿನಕ್ಕೂ, ಅಂಕಿ 4 ಇದ್ದು ಒಂದೂ ನುಂಗದ ದಿನಕ್ಕೂ ಬಹಳ ವ್ಯತ್ಯಾಸ ಇದೆ.

ಕೆಲವು ಕಡೆ ಒತ್ತಿ ನೋಡೋ ಯಂತ್ರದ ಪರೀಕ್ಷೆ ಇರುತ್ತೆ. ಒಂದು ಚದರ ಸೆಂಟಿಮೀಟರ್ ಅಗಲದ ರಬ್ಬರ್ ತುದಿಯನ್ನು ಮೈಮೇಲಿಟ್ಟು ನಿಧಾನವಾಗಿ ಒತ್ತಡ ಹೆಚ್ಚಿಸ್ತಾ ಹೋಗ್ತಾರೆ. ಒತ್ತೋದು ಯಾವ ಕ್ಷಣ ನೋವಾಗಿ ಬದಲಾಯ್ತೋ ಆಗಲೇ "ಸಾಕು" ಅನ್ನಬೇಕು. ನಮ್ಮ ಹೆಂಗಸರು ಎಷ್ಟು ತಡ್ಕೋಬಹುದೋ ಅಷ್ಟೂ ತಡ್ಕೊಂಡು ಕೊನೆಗೆ ಹೇಳ್ತಾರೆ. ಅದು ಬೇರೆಯೇ ಅಳತೆ ಆಗಿಬಿಡುತ್ತೆ. ಮೊದಲು ಮುಂಗೈ ಮೇಲೆ ಒಮ್ಮೆ ಮಾಡಿ ತೋರಿಸಿ ಅಂತ ಕೇಳಿ. ಘಾಟಿ ರಸ್ತೆಯಲ್ಲಿ ಕುಲುಕಾಡಿ ಬಂದ ಕೂಡಲೇ ಈ ಪರೀಕ್ಷೆ ಬೇಡ, ಅರ್ಧ ಗಂಟೆ ಒರಗಿಕೊಂಡು ಸುಧಾರಿಸ್ಕೊಂಡ ಮೇಲೆ ಮಾಡಲಿ. ಪ್ರತಿ ಭೇಟಿಯಲ್ಲೂ ಅದೇ ಕ್ರಮ.

ಕೊನೆಯದಾಗಿ, ಅಧ್ಯಯನ ಇರಲಿ ಬಿಡಲಿ: ಮೂತ್ರ ಮಲದ ಹಿಡಿತ ತಪ್ಪೋದು, ತೊಡೆ ಸಂದಿಯಲ್ಲಿ ಮರಗಟ್ಟೋದು, ಪಾದ ಎತ್ತೋಕೆ ಬಲ ಇಲ್ಲದೆ ಚಪ್ಪಲಿ ಜಾರೋದು, ಜ್ವರದ ಜೊತೆ ಬೆನ್ನುನೋವು, ಕಾರಣ ಇಲ್ಲದೆ ತೂಕ ಇಳಿಯೋದು ಕಂಡರೆ ಮುಂದಿನ ಭೇಟಿಗೆ ಕಾಯಬೇಡಿ. ಮೊದಲಿನ ಮೂರಕ್ಕೆ ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ.

---

ಮೂಡಿಗೆರೆ_ಹುಡುಗ:

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ ಸರ್, ಮೇಡಂ. ಒಂದೇ ಒಂದು ಉಳಿದಿದೆ. ಡಿಸೆಂಬರ್‌ನಿಂದ ಕುಯ್ಲು. ನವೆಂಬರ್ ಕೊನೆಗೆ ಬನ್ನಿ ಅಂತಿದ್ದಾರೆ. ಕುಯ್ಲಿನ ಮಧ್ಯೆ ಹಾಸನಕ್ಕೆ ಹೋಗೋದು ಕಷ್ಟ, ಆದರೆ ಅವಕಾಶ ತಪ್ಪುತ್ತೇನೋ ಅಂತ.

---

ಸಂಯೋಜಕಿ_ಹಾಸನ:

ಕುಯ್ಲಿಗೆ ಮುಂಚೆ ಶುರು ಮಾಡಬೇಡಿ, ಓಡಾಟಕ್ಕಷ್ಟೇ ಅಲ್ಲ. ಮೊದಲ ವಾರದ ಡೈರಿ ಹಗುರ ಕೆಲಸದ ದಿನಗಳದ್ದಾಗಿ, ಔಷಧ ಶುರುವಾದ ಮೇಲೆ ದಿನಾ ಚೀಲ ಕಟ್ಟಿಕೊಂಡು ಬಗ್ಗಿ ಹಣ್ಣು ಕುಯ್ಯೋದು, ಮೂಟೆ ಹೊರೋದು ಬಂದರೆ ಅಮ್ಮನ ನೋವು ಏರೋದು ಕೆಲಸದಿಂದ. ಅದೇ ಹೊತ್ತಿಗೆ ಪ್ರಿಗಾಬಲಿನ್ ಇರಲ್ಲ. ವರ್ಷದಲ್ಲೇ ಕಷ್ಟದ ಸಮಯದಲ್ಲಿ ಇರೋ ಆಸರೆಯನ್ನೂ ತೆಗೆದ ಹಾಗಾಗುತ್ತೆ. ಹೊಸ ಮಾತ್ರೆಯಿಂದ ತಲೆಸುತ್ತು ಬಂದರೆ ಇಳಿಜಾರು ತೋಟದಲ್ಲಿ, ಏಣಿ ಮೇಲೆ ಅಪಾಯ.

ಲೆಕ್ಕ ಹೀಗೆ ಹಾಕಿ. ಸ್ಕ್ರೀನಿಂಗ್ ಮತ್ತು ರಕ್ತಪರೀಕ್ಷೆಗೆ ಒಂದು ವಾರ, ಪ್ರಿಗಾಬಲಿನ್ ಇಳಿಸೋಕೆ ಒಂದು ವಾರ, ಡೈರಿಗೆ ಒಂದು ವಾರ, ಆಮೇಲೆ 12 ವಾರ ಮಾತ್ರೆ, ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಎರಡು ವಾರಕ್ಕೆ ಒಂದು ತಪಾಸಣೆ. ಒಟ್ಟು 17 ವಾರ. ರೊಬಸ್ಟಾ ಕಾಫಿ ಕುಯ್ಲು ಮುಗಿದು ಫೆಬ್ರವರಿ ಕೊನೆಗೆ ಶುರು ಮಾಡಿದರೆ ಜೂನ್ ಕೊನೆಯ ವಾರದ ಹೊತ್ತಿಗೆ ಮುಗಿಯುತ್ತೆ. ಕೊನೆಯ ಒಂದೆರಡು ಭೇಟಿ ಮಾತ್ರ ಮಳೆಯಲ್ಲಿ ಬರುತ್ತೆ.

ಆಸ್ಪತ್ರೆಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಫೆಬ್ರವರಿ ಕೊನೆಯಲ್ಲೂ ಜನರನ್ನು ಸೇರಿಸಿಕೊಳ್ತಿರ್ತೀರಾ, ಭೇಟಿ ದಿನಕ್ಕೆ ಎಷ್ಟು ಸಡಿಲ ಇದೆ. ಸಾಮಾನ್ಯವಾಗಿ ಹಿಂದೆ ಮುಂದೆ 3 ದಿನ ಬಿಡ್ತಾರೆ. ಮರ ಬಿದ್ದು ರಸ್ತೆ ಬಂದ್ ಆಗಿ ಆ ಸಡಿಲವೂ ದಾಟಿದರೆ, ಮಾತ್ರೆ ಮುಗಿಯೋ ಮುಂಚೆಯೇ ಫೋನ್ ಮಾಡಬೇಕು. ಮಾತ್ರೆ ಖಾಲಿಯಾಗಿ ಅದು ತಟ್ಟನೆ ನಿಂತು ಹೋಗದ ಹಾಗೆ ಏನು ಮಾಡಬಹುದು ಅಂತ ಅವರು ನೋಡ್ತಾರೆ. ಫೆಬ್ರವರಿಗೆ ಜನರನ್ನು ಸೇರಿಸಿಕೊಳ್ಳೋದು ಮುಗಿದಿರುತ್ತೆ ಅಂದರೆ ಈ ಅಧ್ಯಯನ ಬಿಡಿ, ಅಮ್ಮ ಈಗಿನ ಮಾತ್ರೆಯಲ್ಲೇ ಕುಯ್ಲು ಮುಗಿಸಲಿ. ಸಿಟಿಆರ್‌ಐನಲ್ಲಿ ಸೊಂಟನೋವು ಅಂತ ಹುಡುಕಿದರೆ ಮುಂದೆ ಬರೋದು ಕಾಣುತ್ತೆ, ವ್ಯಾಯಾಮ ಮತ್ತು ಯೋಗದ ಅಧ್ಯಯನಗಳೂ ಅದರಲ್ಲಿ ಇರ್ತಾವೆ. ಅಂಥದ್ದರಲ್ಲಿ ಎಷ್ಟೋ ಕಡೆ ಇರೋ ಮಾತ್ರೆ ನಿಲ್ಲಿಸಬೇಕಾಗಿಲ್ಲ.